ಕಾಕಾ ಫೋನಿನಲ್ಲಿ ಹೇಳದ ಮಾತು

ಕಾಕಾನ ಬಲಗೈಯ ಎರಡು ಬೆರಳುಗಳ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಉಳಿದ ಕೈಯೆಲ್ಲ ಕರಡಿಯ ಹಾಗೆ. ಆ ಎರಡು ಬೆರಳು ಮಾತ್ರ ಆಗಷ್ಟೇ ಕ್ಷೌರದ ಕುರ್ಚಿಯಿಂದ ಎದ್ದವರ ಗಲ್ಲದಂತೆ ನುಣ್ಣಗೆ ಹೊಳೆಯುತ್ತಿದ್ದವು. ನಲವತ್ತು ವರ್ಷ ಗಾಡಿಗಳ ವೈರು, ಬೋಲ್ಟು, ಬ್ಯಾಟರಿಯ ತಲೆ ಎಲ್ಲವನ್ನೂ ಆ ಬೆರಳುಗಳ ಬೆನ್ನಿನಿಂದ ಮುಟ್ಟಿ, ಬಿಸಿ ಎಲ್ಲಿ ಅಡಗಿದೆ ಎಂದು ಹುಡುಕಿದ ಕೈ ಅದು. ಅಂಗೈಯಿಂದ ಮುಟ್ಟಬಾರದಂತೆ. ಅಂಗೈಗೆ ದುಡಿದು ದುಡಿದು ಸೊಕ್ಕು ಬಂದಿರುತ್ತದೆ, ಸುಳ್ಳು ಹೇಳುತ್ತದೆ.

ಆ ಕಾಕಾನ ದನಿಯನ್ನು ನಾನೊಮ್ಮೆ ಕದ್ದೆ. ಅರ್ಧ ನಿಮಿಷದ ಮಟ್ಟಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಓದುತ್ತ ಹೋದಂತೆ ನನ್ನ ಮೇಲೆ ನಿಮಗೆ ಒಳ್ಳೆಯ ಅಭಿಪ್ರಾಯ ಬಂದುಬಿಡುವ ಅಪಾಯವಿದೆ. ಈವರೆಗೆ ಯಾರಿಗೂ ಬಂದ ಉದಾಹರಣೆ ಇಲ್ಲ, ಅದು ಬೇರೆ ಮಾತು.

ಪರರ ದನಿ ಹಿಡಿಯುವುದು ನನಗೆ ಹುಟ್ಟಿನಿಂದ ಬಂದ ರೋಗ. ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನ ವಾಚ್‌ಮನ್, ಲೋಕಲ್‌ನಲ್ಲಿ ಮುಂದಿನ ಸ್ಟೇಷನ್ ಯಾವುದೆಂದು ಹೇಳುವ ಹೆಂಗಸು, ಮೈಕ್ ಸಿಕ್ಕೊಡನೆ ಮೂರು ಸಲ ಊದಿ ನಾಲ್ಕನೆಯ ಸಲ ಕೆಮ್ಮುವ ಕನ್ನಡ ಸಂಘದ ಹಿರಿಯರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಇವನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಅಮ್ಮ, "ಹಸಿವಾದಾಗ ಬರ್ತದಲ್ಲ, ಅದು" ಎನ್ನುತ್ತಿದ್ದಳು. ಕಾಲೇಜನ್ನು ನಾನು ಬಿಟ್ಟೆನೋ ಕಾಲೇಜು ನನ್ನನ್ನು ಬಿಟ್ಟಿತೋ, ಇಬ್ಬರಿಗೂ ಬೇಸರವಾಗಲಿಲ್ಲ. ಒಂದು ಕಡೆ ಹತ್ತು ನಿಮಿಷ ಕೂತರೆ ನನ್ನ ಕಾಲು ತಾನಾಗಿ ಕುಣಿಯುತ್ತದೆ. ಅಂಥವನಿಗೆ ಸ್ಟೇರಿಂಗ್ ಕೊಟ್ಟರೆ ಸರಿಹೋಗುತ್ತಾನೆ ಎಂದು ಅಪ್ಪ ತಮ್ಮ ಪರಿಚಯದ ಸೇಠ್ ಒಬ್ಬರ ಬಳಿ ಡ್ರೈವರ್ ಕೆಲಸಕ್ಕೆ ಸೇರಿಸಿದರು.

ಸೇಠ್ ಉಡುಪಿ ಕಡೆಯವರು. ಕಾಂದಿವಲಿಯಲ್ಲಿ ಹೋಟೆಲು. ಹೋಟೆಲಿನ ಜೊತೆಗೆ ಅವರಿಗಿದ್ದ ಹುಚ್ಚು ಒಂದು ಕ್ಯಾರವಾನ್. ಹಳೆಯ ಮಿನಿಬಸ್ಸೊಂದರ ಸೀಟುಗಳನ್ನು ಕಿತ್ತು, ಒಳಗೆ ಮಂಚ, ಫ್ರಿಜ್ಜು, ಫ್ಯಾನು, ಸಣ್ಣದೊಂದು ಅಡುಗೆಕಟ್ಟೆ ಕೂರಿಸಿದ ಗಾಲಿಯ ಮನೆ. ಲೋಣಾವಳಕ್ಕೆ, ಅಲಿಬಾಗಿಗೆ ಹೋಗುವ ಕುಟುಂಬಗಳಿಗೆ ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ಅದರ ಜೊತೆಗೆ ನನ್ನನ್ನು ಉಚಿತವಾಗಿ.

ಆ ಗಾಡಿಗೊಂದು ಕಾಯಿಲೆ. ಅದಕ್ಕೆ ಎರಡು ಬ್ಯಾಟರಿ. ಒಂದು ಎಂಜಿನ್ ಎಬ್ಬಿಸಲು, ಇನ್ನೊಂದು ಮಂಚದ ಕೆಳಗೆ, ಒಳಗಿನ ಸಂಸಾರಕ್ಕೆ. ಗಾಡಿ ಓಡುವಾಗ ಎಂಜಿನ್ನಿನಿಂದ ಎರಡೂ ತುಂಬಬೇಕು. ಮೊದಲಿನದು ತುಂಬುತ್ತಿತ್ತು, ಒಳಗಿನದು ತುಂಬುತ್ತಿರಲಿಲ್ಲ. ಮೂರು ಗಂಟೆ ಓಡಿಸಿದ ಮೇಲೂ ಫ್ಯಾನು ಸಂಜೆಯ ಭಜನೆಯಂತೆ ಎಳೆಯತೊಡಗುತ್ತಿತ್ತು. ಮೂವರು ಮೆಕ್ಯಾನಿಕ್‌ಗಳು ನೋಡಿದರು, ಮೂರು ಸಲ ಹೊಸ ಬ್ಯಾಟರಿ ಹಾಕಿದರು. ಮೂರನೆಯದಕ್ಕೆ ಸೇಠ್ ಹಾರ ಹಾಕಿ ನಿಂಬೆಹಣ್ಣನ್ನೂ ಕಟ್ಟಿದ್ದರು. ಅದೂ ತುಂಬಲಿಲ್ಲ. ಕೊನೆಗೆ, "ಬೈಕುಲ್ಲಾಕ್ಕೆ ಹೋಗು ಮಾರಾಯ. ನನ್ನ ಮೊದಲನೇ ಟೆಂಪೋದ ಕಾಲದಿಂದ ಅವರು. ಅವರು ಹೇಳಿದ್ರೆ ಮುಗೀತು" ಎಂದು ನನ್ನನ್ನು ಕಾಕಾನ ಬಳಿ ಅಟ್ಟಿದರು.

ಬೈಕುಲ್ಲಾದ ಆ ಗಲ್ಲಿಯಲ್ಲಿ ಒಂದು ಕಡೆ ವೆಲ್ಡಿಂಗ್ ಚಾಚಾ, ಇನ್ನೊಂದು ಕಡೆ ಸೀಟು ಹೊಲಿಯುವವರು, ನಡುವೆ ಕಾಕಾನ ಅಂಗಡಿ. ಅಂಗಡಿ ಅಂದರೆ ಒಂದು ಶಟರ್, ಒಂದು ಬೆಂಚು, ಗೋಡೆ ತುಂಬ ಹಾವಿನ ಹಾಗೆ ಸುತ್ತಿಟ್ಟ ವೈರು. ಕಾಕಾ ವಿಜಯಪುರ ಕಡೆಯವರು. ಹದಿನೇಳಕ್ಕೆ ಗಾರೆ ಕೆಲಸಕ್ಕೆಂದು ಮುಂಬಯಿಗೆ ಬಂದು, ಗೋಡೆ ಕಟ್ಟುವುದಕ್ಕಿಂತ ಅದರೊಳಗೆ ವೈರು ಎಳೆಯುವುದು ತಂಪಿನ ಕೆಲಸ ಎಂದು ಅತ್ತ ಜಿಗಿದವರಂತೆ. ತುಟಿಯ ಮೂಲೆಯಲ್ಲಿ ಸದಾ ಒಂದು ನಟ್ಟು ಕಚ್ಚಿಕೊಂಡಿರುತ್ತಿದ್ದರು. ಮಾತೆಲ್ಲ ಇನ್ನೊಂದು ಮೂಲೆಯಿಂದ ಬರಬೇಕು. ಯಾಕೆ ಕಾಕಾ ಎಂದು ಕೇಳಿದರೆ, "ಬಿಚ್ಚಿದ ನಟ್ಟು ಕೆಳಗ ಇಟ್ರ ಕಳೀತೈತಿ. ಬಾಯಾಗ ಇಟ್ಟರ ನಟ್ಟೂ ಉಳೀತೈತಿ, ಮಾತೂ ಉಳೀತಾವ" ಎಂದರು.

ಮೂರು ಬ್ಯಾಟರಿಯ ಕಥೆಯನ್ನು ನಾನು ಮೂರು ಮೆಕ್ಯಾನಿಕ್‌ಗಳ ದನಿಯಲ್ಲೇ ಹೇಳಿದೆ. ಚಾಚಾ ವೆಲ್ಡಿಂಗ್ ನಿಲ್ಲಿಸಿ ನಕ್ಕರು. ಕಾಕಾ ನಗಲಿಲ್ಲ.

"ಹೊಟ್ಟಿ ತುಂಬವಲ್ದು ಅಂತ ಹೊಟ್ಟಿನ ಬದಲಿ ಮಾಡತಾರೇನೋ ತಮ್ಮಾ? ಬಾಯಿಂದ ಹೊಟ್ಟಿತನಕ ಹಾದಿ ನೋಡಬೇಕು."

ಆ ಹಾದಿ ನೋಡಲು ಅವರು ತೆಗೆದದ್ದು ಮೀಟರನ್ನಲ್ಲ. ಹಳೆಯ ಲಾರಿಯೊಂದರ ಹೆಡ್‌ಲೈಟ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರು. ಅದಕ್ಕೆ ಅವರು ಇಟ್ಟ ಹೆಸರು 'ಸಾಕ್ಷಿ'. ವೈರಿನ ಒಂದೊಂದು ಜೋಡಣೆಯಲ್ಲೂ ಸಾಕ್ಷಿಯನ್ನು ಹಚ್ಚಿ, ಅದು ಉರಿಯುತ್ತಿರುವಾಗಲೇ ಬೆರಳಿನ ಬೆನ್ನಿನಿಂದ ಮುಟ್ಟುತ್ತ ಹೋಗುವುದು. ನಾನು ಕೇಳಿದೆ, ಮೀಟರು ಬೇಕಾದಷ್ಟೇ ಹದಿನಾಲ್ಕು ವೋಲ್ಟ್ ತೋರಿಸುತ್ತಿದೆಯಲ್ಲ ಕಾಕಾ, ಇನ್ನೇನು ಬೇಕು.

"ಖಾಲಿ ಕುಂತಾಗ ಎಲ್ಲಾರೂ ಹದಿನಾಕು ವೋಲ್ಟ್" ಎಂದರು ಕಾಕಾ. "ಭಾರ ಹೊರಸಿ ನೋಡು. ಖರೇ ಎಷ್ಟ ಅಂತ ತಿಳೀತೈತಿ."

ಈ ಮಾತನ್ನು ಅವರು ಬ್ಯಾಟರಿಗಷ್ಟೇ ಹೇಳುತ್ತಿರಲಿಲ್ಲ. ಓಟು ಕೇಳಲು ಗಲ್ಲಿಗೆ ಬಂದವರು ಕೈಮುಗಿದು ಹೋದ ಮೇಲೆ, "ಹದಿನಾಕು" ಎನ್ನುತ್ತಿದ್ದರು. ಅವರ ಅಳಿಯ ಫೋನ್ ಮಾಡಿ ನಿಮ್ಮ ಮಗಳನ್ನು ರಾಣಿಯಂತೆ ನೋಡಿಕೊಂಡಿದ್ದೇನೆ ಎಂದಾಗಲೂ ಫೋನಿಟ್ಟು, "ಹದಿನಾಕು." ಆ ಮೊದಲ ದಿನವೇ ಮಧ್ಯಾಹ್ನ ನಾನು ಸುಮ್ಮನೆ ಕೂರಲಾರದೆ ಇಡೀ ಗಲ್ಲಿಗೆ ಐದು ದನಿಗಳ ಪ್ರದರ್ಶನ ಕೊಟ್ಟೆ. ಎಲ್ಲ ಮುಗಿದ ಮೇಲೆ ಕಾಕಾ ಬಂದು ಪಕ್ಕದಲ್ಲಿ ಕೂತರು.

"ಇವೆಲ್ಲಾ ಖಾಲಿ ಕುಂತಾಗಿನ ದನಿ. ಭಾರ ಬಿದ್ದಾಗ ನಿನಗ ಯಾವ ದನಿ ಬರತೈತಿ?"

"ಆಗ ಹಾರ್ನ್ ಬರ್ತದೆ ಕಾಕಾ."

ಅವರು ನನ್ನ ಕುಣಿಯುವ ಮೊಣಕಾಲ ಮೇಲೆ ಕೈಯಿಟ್ಟರು. ಕಾಲು ನಿಂತಿತು. ಕೈ ತೆಗೆದರು. ಮತ್ತೆ ಕುಣಿಯತೊಡಗಿತು. "ಲೂಸ್ ಕನೆಕ್ಷನ್" ಎಂದು ಎದ್ದುಹೋದರು.

ಅವರ ಇನ್ನೊಂದು ಪದ್ಧತಿ ಹೇಳಲೇಬೇಕು. ಗಾಡಿ ಸರಿಯಾಯಿತು ಎಂದು ಕಾಕಾ ಯಾರಿಗೂ ಹೇಳುತ್ತಿರಲಿಲ್ಲ. ಕೆಲಸ ಪೂರ್ತಿ ಮುಗಿದ ಮೇಲೆ ಬಾಯಿಯ ನಟ್ಟು ತೆಗೆದು, ಡ್ರೈವರ್ ಸ್ಟೇರಿಂಗಿನ ಮುಂದೆ ಕೂತದ್ದನ್ನು ನೋಡಿ, ಬಾನೆಟ್ಟಿನ ಮೇಲೆ ಆ ಎರಡು ಬೆರಳುಗಳ ಬೆನ್ನಿನಿಂದ ಎರಡು ಸಲ ತಟ್ಟಿ, "ಹೊಂಡ್ರಿ" ಎನ್ನುತ್ತಿದ್ದರು. ಅಷ್ಟೇ. ಹೊರಡಿ ಎಂಬ ಆ ಒಂದು ಮಾತಿಗಾಗಿ ಜನ ದಿನಗಟ್ಟಲೆ ಕಾಯುತ್ತಿದ್ದರು. ಅದನ್ನು ಕೇಳಿ ಹೊರಟ ಗಾಡಿ ನಡುದಾರಿಯಲ್ಲಿ ನಿಂತದ್ದನ್ನು ಗಲ್ಲಿಯಲ್ಲಿ ಯಾರೂ ಕಂಡಿರಲಿಲ್ಲ.

ನಮ್ಮ ಗಾಡಿಗೆ ಮೊದಲ ದಿನವೇ ಒಂದು ಕಾರಣ ಸಿಕ್ಕಿತು. ಎಂಜಿನ್ನಿನಿಂದ ಒಳಗೆ ಬರುವ ದಾರಿಯಲ್ಲಿ ಫ್ಯೂಸ್ ಕೂರುವ ಪೆಟ್ಟಿಗೆ ಒಳಗೊಳಗೇ ಸುಟ್ಟಿತ್ತು. ಹೊಸದು ಹಾಕಿದರು. ನಾನು ಬೀಗದ ಕೈ ತಿರುಗಿಸಲು ಸಿದ್ಧನಾದೆ. ಕಾಕಾ ತಲೆಯಲ್ಲಾಡಿಸಿದರು.

"ಕಳ್ಳರು ಒಬ್ಬೊಬ್ಬರ ಬರೂದಿಲ್ಲ. ನಾಳೆ ಬಾ."

ನಾಳೆಯೇ ತೊಂದರೆ. ಮರುದಿನ ಮಧ್ಯಾಹ್ನ ಮೂರಕ್ಕೆ ಗಾಡಿ ಸಯನ್ನಿನಲ್ಲಿ ಸೇಠರ ದೊಡ್ಡಮ್ಮನ ಮನೆಯ ಮುಂದಿರಬೇಕಿತ್ತು. ಅವರ ಮೊಮ್ಮಗಳ ಮದುವೆ, ಕಾಂದಿವಲಿಯ ಹಾಲ್‌ನಲ್ಲಿ ಆ ಸಂಜೆ ರಿಸೆಪ್ಷನ್. ದೊಡ್ಡಮ್ಮನ ಶ್ವಾಸಕೋಶ ಸೋತುಹೋಗಿ ಒಂದು ವರ್ಷವಾಗಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿಗೆ ಕೊಡುವ ಯಂತ್ರವೊಂದು ಹಗಲೂ ರಾತ್ರಿಯೂ ಪಕ್ಕದಲ್ಲಿ ಗುರುಗುಡಬೇಕು, ಅದಕ್ಕೆ ಕರೆಂಟು ಬೇಕು. ಮಗ ಆಂಬುಲೆನ್ಸ್ ಹೇಳೋಣ ಎಂದಿದ್ದ. "ಮೊಮ್ಮಗಳ ಮದುವೆಗೆ ಆಂಬುಲೆನ್ಸಿನಲ್ಲಿ ಹೋಗಿ ಇಳಿಯುದಾ? ಬೀಗರು ಎಂತ ಹೇಳಿಯಾರು, ಹುಡುಗಿಯ ಒಟ್ಟಿಗೆ ಹೆಣವನ್ನೂ ಕೊಟ್ರು ಅಂತವಾ?" ಎಂದು ದೊಡ್ಡಮ್ಮ, ನನ್ನ ಪಾಲಿಗೆ ಅಜ್ಜಿ, ಹಟ ಹಿಡಿದರು. ಆಗ ಸೇಠ್, ನನ್ನ ಕ್ಯಾರವಾನ್ ಇದೆಯಲ್ಲ, ಮಲಗಿಕೊಂಡೇ ಬರಲಿ, ಯಂತ್ರ ಒಳಗಿನ ಬ್ಯಾಟರಿಯಲ್ಲಿ ನಡೆಯಲಿ ಎಂದಿದ್ದರು. ನನಗೆ ಬಿಡಿಸಿ ಹೇಳಿದ್ದರು, "ನೋಡು, ಇದು ಫ್ರಿಜ್ಜಿನ ಐಸ್‌ಕ್ರೀಮ್ ಅಲ್ಲ. ದೊಡ್ಡಮ್ಮನ ಉಸಿರು."

ಈ ವಿಷಯವನ್ನು ನಾನು ಕಾಕಾನಿಗೆ ಹೇಳಲಿಲ್ಲ. ಹೇಳಿದರೆ ಮೂರನೆಯ ದಿನವೂ ಕೂರಿಸುತ್ತಾರೆ ಎಂಬ ಭಯ. ಮದುವೆ, ಕಾಂದಿವಲಿ, ಹಾಲ್‌ನ ಹೆಸರು, ಅಜ್ಜಿಯ ಬೈಗುಳ, ಎಲ್ಲವನ್ನೂ ಹೇಳಿದೆ, ಯಂತ್ರವೊಂದನ್ನು ಬಿಟ್ಟೆ. ಬುದ್ಧಿವಂತಿಕೆ ಅಂದರೆ ಅದೇ ಎಂದು ಆಗ ನನ್ನ ತಿಳುವಳಿಕೆ.

ಎರಡನೆಯ ದಿನ ಒಂದೂವರೆ ಗಂಟೆ. ಎಂಜಿನ್ ಓಡುತ್ತಿತ್ತು. ಮೀಟರು ಹದಿನಾಲ್ಕು ತೋರಿಸುತ್ತಿತ್ತು. ಹಿಂದಿನ ರಾತ್ರಿಯೆಲ್ಲ ಬ್ಯಾಟರಿಯನ್ನು ಗೋಡೆಯ ಚಾರ್ಜರಿಗೆ ಹಚ್ಚಿಟ್ಟಿದ್ದರಿಂದ ಅದು ತುಂಬಿಯೇ ಇತ್ತು, ಅದು ನನ್ನ ತಲೆಗೆ ಹೊಳೆಯಲಿಲ್ಲ. ಕಾಕಾ ಮಂಚದ ಕೆಳಗೆ ಬಗ್ಗಿ, ಬ್ಯಾಟರಿಯಿಂದ ಗಾಡಿಯ ಮೈಗೆ ಬಿಗಿದ ಕಪ್ಪು ವೈರಿನ ಬೋಲ್ಟನ್ನು ಮುಟ್ಟಿ ಮುಟ್ಟಿ ನೋಡಿದರು.

"ಈ ಅರ್ಥ್ ವೈರಿನ ಮ್ಯಾಲ ನನಗ ನಂಬಿಗಿ ಇಲ್ಲ. ಬಣ್ಣದ ಮ್ಯಾಲ ಬಿಗದಾರ ಅನ್ನಸ್ತೈತಿ. ಹಿಂದಿನ ಗಲ್ಲಿಯಿಂದ ವೈರಿನ ತುದಿಗೆ ಹಾಕೂ ತಾಮ್ರದ ಲಗ್ ತರತೀನಿ. ಅಲ್ಲೀತನಕ ಒಳಗಿಂದೆಲ್ಲಾ ಚಾಲೂ ಇಡು, ಬ್ಯಾಟರಿ ಹಸೀಲಿ. ಬಂದ ಮುಟ್ಟಿ ನೋಡತೀನಿ."

ಅವರು ಹೋದರು. ನನ್ನ ಎರಡೂ ಕಾಲು ಕುಣಿಯುತ್ತಿದ್ದವು. ಫೋನ್ ಬಂತು. ಸೇಠ್.

"ಎಂತ ಮಾರಾಯ, ಆಯ್ತಾ?"

"ಆಯ್ತು ಸೇಠ್."

"ನೀನು ಹೇಳಿದ್ದು ಬೇಡ. ಕಾಕಾನಿಗೆ ಕೊಡು."

ಕಾಕಾ ಇಲ್ಲ, ಲಗ್ ತರಲು ಹೋಗಿದ್ದಾರೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾನು, "ಕೊಟ್ಟೆ" ಎಂದೆ. ಬೆಂಚಿನ ಮೇಲಿದ್ದ ಒಂದು ನಟ್ಟನ್ನು ತುಟಿಯ ಮೂಲೆಗೆ ಸಿಕ್ಕಿಸಿದೆ. ಕಬ್ಬಿಣ, ಗ್ರೀಸು, ಹಳೆಯ ಹೊಗೆಸೊಪ್ಪು, ಮೂರರ ರುಚಿಯೂ ಬಂತು. ಅದರ ಜೊತೆಗೆ ದನಿಯೂ ಬಂತು.

"ಹಾಂ ಸೇಠ್ರ. ಎಲ್ಲಾ ಬರೋಬರಿ ಐತ್ರಿ. ಹೊಂಡ್ರಿ."

ಆ ಕಡೆ ಒಂದು ನೆಮ್ಮದಿಯ ಉಸಿರು. "ನೀವು ಹೇಳಿದ್ರಲ್ಲ, ಸಾಕು ಕಾಕಾ."

ಆ ಕ್ಷಣ ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಇಷ್ಟು ವರ್ಷದ ಗೆಳೆಯನೂ ಗುರುತು ಹಿಡಿಯಲಿಲ್ಲವಲ್ಲ ಎಂದು ಹೆಮ್ಮೆಯಾಯಿತು. ಚಾಚಾನಿಗೆ ಕೈಬೀಸಿ ಗಾಡಿ ಎಬ್ಬಿಸಿದೆ. ಸಯನ್ ಮುಟ್ಟುವಷ್ಟರಲ್ಲಿ ಕಾಕಾನ ಮೂರು ಕರೆ ಬಂದು ನಿಂತಿದ್ದವು. ಎತ್ತಲಿಲ್ಲ.

ಅಜ್ಜಿ ಜರಿ ಸೀರೆಯುಟ್ಟು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಅದರ ಮೇಲೆ ಮೂಗುತಿ ಕಾಣುವಂತೆ ಸರಿಪಡಿಸಿಕೊಂಡು ಹತ್ತಿದರು. ಜೊತೆಗೆ ಕಿರಿಯ ಮಗ, ಮದುಮಗಳ ಚಿಕ್ಕಪ್ಪ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು, ಕನ್ನಡವನ್ನು ಮೆಟ್ಟಿಲು ಇಳಿಯುವವನಂತೆ ಒಂದೊಂದಾಗಿ ಇಡುವವನು. ಮನೆಯ ಉಳಿದವರು ಮೊದಲೇ ಹಾಲ್‌ಗೆ ಹೋಗಿದ್ದರು. ಹೆದ್ದಾರಿ ಹತ್ತುವವರೆಗೆ ನಾನು ಅಜ್ಜಿಗೆ ಎಲ್ಲ ದನಿಗಳನ್ನೂ ಕೇಳಿಸಿದೆ. ಅಂಧೇರಿ ದಾಟುವಾಗ ಟ್ರಾಫಿಕ್ ಸಿಮೆಂಟಿನಂತೆ ಗಟ್ಟಿಯಾಯಿತು. ಗಾಡಿ ನಿಂತಲ್ಲೇ ಗುರುಗುಟ್ಟುತ್ತಿತ್ತು. ಜೋಗೇಶ್ವರಿಯ ಹತ್ತಿರ ಒಳಗಿನಿಂದ ಬೀಪ್ ಎಂಬ ಸದ್ದು. ಮತ್ತೆ ಬೀಪ್.

"ಅರೇ ಯಾರ್, ಇದು ಯಾಕೆ ಬೀಪ್ ಮಾಡ್ತದೆ? ಕುಛ್ ಪ್ರಾಬ್ಲೆಮ್ ಇದೆ ಕ್ಯಾ?" ಎಂದ ಮಗ.

ಒಳಗಿನ ಮೀಟರು ಹನ್ನೊಂದೂವರೆಯ ಆಸುಪಾಸಿನಲ್ಲಿತ್ತು, ಇಳಿಯುತ್ತಿತ್ತು. ಎಂಜಿನ್ನಿನ ಕಡೆ ಹದಿನಾಲ್ಕು. ಬಾಯಿಯಲ್ಲಿ ಅನ್ನ ಇದೆ, ಹೊಟ್ಟೆಗೆ ಇಳಿಯುತ್ತಿಲ್ಲ. ಗಾಡಿಯನ್ನು ಪಕ್ಕಕ್ಕೆ ತೆಗೆದೆ. ಯಂತ್ರ ನಿಂತೇ ಹೋಯಿತು. ಮಗ ಜೊತೆಗೆ ತಂದಿದ್ದ ಆಮ್ಲಜನಕದ ಚಿಕ್ಕ ಸಿಲಿಂಡರನ್ನು ಹಚ್ಚಿದ. ಅದು ಬರುವುದು ನಲವತ್ತು ನಿಮಿಷ. ಆ ಟ್ರಾಫಿಕ್‌ನಲ್ಲಿ ಕಾಂದಿವಲಿಗೆ ಒಂದು ಗಂಟೆಗೂ ಹೆಚ್ಚು, ಹಿಂದಕ್ಕೆ ತಿರುಗಲು ಜಾಗವೇ ಇಲ್ಲ. ನನ್ನ ಗಂಟಲಲ್ಲಿದ್ದ ಬಾಡಿಗೆಯವರೆಲ್ಲ ಒಮ್ಮೆಲೇ ಮನೆ ಖಾಲಿ ಮಾಡಿದ್ದರು.

ಕಾಕಾನಿಗೆ ಫೋನ್ ಮಾಡಿದೆ. ಹಿಂದೆ ಲೋಕಲ್ ಗಾಡಿಯ ಗದ್ದಲ ಕೇಳುತ್ತಿತ್ತು.

"ಕಾಕಾ, ನಾನು." ಹೇಳಿದ್ದು ಅಷ್ಟೇ.

"ಗೊತ್ತೈತಿ. ಎಲ್ಲಿ ನಿಂತೈತಿ?"

ಹೇಳಿದೆ. ಬ್ಯಾಟರಿ ಹೇಳಿದೆ. ಆಮೇಲೆ ಆ ಯಂತ್ರವನ್ನೂ, ಅಜ್ಜಿಯ ಮೂಗಿನ ನಳಿಕೆಯನ್ನೂ, ನಲವತ್ತು ನಿಮಿಷವನ್ನೂ ಹೇಳಿದೆ. ಬ್ಯಾಟರಿ ಬೇಕಾದದ್ದು ಫ್ರಿಜ್ಜು, ಫ್ಯಾನಿಗೆ ಎಂದೇ ಅವರು ತಿಳಿದಿದ್ದರು. ಲಗ್ ಹಿಡಿದು ಬಂದು ಖಾಲಿ ಜಾಗ ನೋಡಿ, ಒಂದು ಫ್ರಿಜ್ಜಿನ ಅರ್ಧ ಉಳಿದ ಕೆಲಸಕ್ಕಾಗಿ, ದಾದರ್‌ನಲ್ಲಿ ಲೈನು ಬದಲಿಸಿ, ನಾನು ಹರಟಿದ್ದ ಮದುವೆ ಹಾಲನ್ನು ಹುಡುಕಿ ಹೊರಟಿದ್ದರು. ಬೈಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಬೈದಿದ್ದರೆ ಚೆನ್ನಾಗಿತ್ತು.

"ಎಂಜಿನ್ ಬಂದ್ ಮಾಡಬ್ಯಾಡ. ಅಜ್ಜಿ ಮಗಗ ಕುಂಡ್ರಿಸಿ ರೇಸ್ ಹಿಡೀಲಿಕ್ಕೆ ಹೇಳು. ಬ್ಯಾಟರಿ ಹಸದೈತಿ, ಈಗ ಎಳೀತೈತಿ. ಭಾರ ಬಿದ್ದಾಗ ಕಳ್ಳ ಬಿಸಿ ಆಗತಾನ. ಬೆರಳಿನ ಬೆನ್ನಿಲೆ ಮುಟ್ಟಕೋತ ಹೋಗು. ಎಲ್ಲಿಂದ?"

"ಫ್ಯೂಸ್ ಪೆಟ್ಟಿಗೆಯಿಂದ."

"ಹೆಂಗೈತಿ?"

"ತಣ್ಣಗಿದೆ."

"ಮುಂದ."

ಒಂದೊಂದು ಜೋಡಣೆಯನ್ನೂ ಮುಟ್ಟುತ್ತ ಹೋದೆ. ತಣ್ಣಗೆ. ತಣ್ಣಗೆ. ಬೆಚ್ಚಗೆ, ಆದರೆ ಬಿಸಿಯಲ್ಲ. ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿದೆ. ಮೇಲಿನಿಂದ ಅಜ್ಜಿ, "ಅಲ್ಲಿ ಎಂತ ಹುಡುಕುದು ಮಗಾ, ನನ್ನ ಚಪ್ಪಲಿಯಾ?" ಎಂದರು. ದನಿ ತೆಳುವಾಗಿತ್ತು. ಕಪ್ಪು ವೈರಿನ ಬೋಲ್ಟಿಗೆ ಬೆರಳು ತಾಗಿದ್ದೇ ಚರ್ಮ ಅಂಟಿಕೊಂಡಂತಾಗಿ ಕೈ ಹಿಂದಕ್ಕೆಳೆದೆ.

"ಸುಟ್ಟಿತು ಕಾಕಾ."

"ಹಾಂ. ಅಲ್ಲೇ ಅದಾನ. ಅದಕ್ಕ ನಾ ಲಗ್ ತರಾಕ ಹೋಗಿದ್ದು. ಈಗ ಎಂಜಿನ್ ಬಂದ್ ಮಾಡು, ಬಿಚ್ಚು. ಅಡಗಿ ಚಾಕು ಐತಿಲ್ಲ? ಕೆಳಗಿನ ಬಣ್ಣ ಕೆರಿ. ಕಬ್ಬಿಣ ಬೆಳ್ಳಗ ಕಾಣೂತನಕ ಕೆರಿ. ಅವಸರ ಮಾಡಬ್ಯಾಡ."

ಅವಸರ ಮಾಡಬೇಡ ಎಂದು ನನಗೆ ಜೀವಮಾನವಿಡೀ ಜನ ಹೇಳಿದ್ದಾರೆ. ಅಂದು ಮೊದಲ ಸಲ ಕೇಳಿಸಿತು. ಕೆರೆದೆ. ಬಣ್ಣ, ಅದರ ಕೆಳಗೆ ತುಕ್ಕು, ಅದರ ಕೆಳಗೆ ಕಬ್ಬಿಣ. ಬಿಗಿದೆ. ಅದೂ ಸಾಲದೆಂದು, ನಿಂತ ಗಾಡಿಗೆ ಇನ್ನೊಂದು ಗಾಡಿಯಿಂದ ಸ್ಟಾರ್ಟ್ ಕೊಡುವ ದಪ್ಪ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಕಪ್ಪು ತಲೆಗೆ, ಇನ್ನೊಂದನ್ನು ಕೆಳಗಿನ ಚಾಸಿಯ ಬರಿ ಕಬ್ಬಿಣಕ್ಕೆ ಕಚ್ಚಿಸಲು ಹೇಳಿದರು. ಕಚ್ಚಿಸಿದೆ. ಎಂಜಿನ್ ಎಬ್ಬಿಸಿದೆ. ಒಳಗಿನ ಮೀಟರು ಹನ್ನೆರಡು ದಾಟಿತು. ಹನ್ನೆರಡೂವರೆ. ಹದಿಮೂರು ಮುಟ್ಟಿ, ಮೇಲೇರುತ್ತಲೇ ಇತ್ತು.

"ಈಗ ಯಂತ್ರ ಹಚ್ಚು. ಹಚ್ಚಿದ ಮ್ಯಾಲ ಎಷ್ಟ ಐತಿ ಹೇಳು. ಖಾಲಿ ಇದ್ದಾಗಿಂದ ನನಗ ಬ್ಯಾಡ."

ಹಚ್ಚಿದೆ. ಯಂತ್ರ ಗುರುಗುಟ್ಟಿತು. ಮುಳ್ಳು ಚೂರು ಇಳಿದು ನಿಂತಿತು. ಅಜ್ಜಿಯ ಮಗ ಸಿಲಿಂಡರನ್ನು ತೆಗೆದ. ಅದರಲ್ಲಿ ಇನ್ನು ಉಳಿದಿದ್ದದ್ದು ಹೆಚ್ಚೆಂದರೆ ಎಂಟು ನಿಮಿಷ.

ಅಜ್ಜಿ ನನ್ನನ್ನೇ ನೋಡುತ್ತಿದ್ದರು. "ಈಗ ಫೋನಿನಲ್ಲಿ ಮಾತಾಡಿದ್ದು ಯಾರ ದನಿ ಮಗಾ?"

"ನನ್ನದೇ ಅಜ್ಜಿ."

"ಚಂದ ಉಂಟು. ಸ್ವಲ್ಪ ನಡುಗ್ತದೆ. ಆದ್ರೂ ಚಂದ ಉಂಟು."

ಕಾಕಾ ಹೋದದ್ದು ಹೋದ ವರ್ಷ. ಮಗಳ ಊರಿಗೆ ನಾಲ್ಕು ದಿನಕ್ಕೆಂದು ಹೋದವರು, ಅಲ್ಲಿಯೇ ಒಂದು ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟು, ಅದನ್ನು ಮತ್ತೆ ಎತ್ತಲಿಲ್ಲವಂತೆ. ಸುದ್ದಿ ಬಂದ ದಿನ ಗಲ್ಲಿಯಲ್ಲಿ ವೆಲ್ಡಿಂಗಿನ ಬೆಳಕು ಕಾಣಲಿಲ್ಲ. ಚಾಚಾ ನನ್ನ ಹತ್ತಿರ ಬಂದು, "ಏಕ್ ಬಾರ್ ಉನಕೀ ಆವಾಜ್ ನಿಕಾಲ್ ಬೇಟಾ" ಎಂದು ಕಾಕಾನ ದನಿಯನ್ನೊಮ್ಮೆ ತೆಗೆಯಲು ಹೇಳಿದರು. ಬೆಂಚಿನ ಮೇಲೆ ನಟ್ಟಿತ್ತು. ತುಟಿಗಿಟ್ಟೆ. ಅದೇ ರುಚಿ. ತೆಗೆದು ಜೇಬಿಗೆ ಹಾಕಿಕೊಂಡೆ. ಯಾರ ದನಿ ಕೇಳಿದರೂ ಮಾಡುತ್ತೇನೆ, ಅದೊಂದನ್ನು ಮಾಡುವುದಿಲ್ಲ. ಸಾಕ್ಷಿ ಬಲ್ಬು ಈಗ ನನ್ನ ಬಳಿ ಇದೆ. ನನ್ನ ಬಲಗೈಯ ಎರಡು ಬೆರಳುಗಳ ಹಿಂದೆ ಕೂದಲು ಕಡಿಮೆಯಾಗುತ್ತಿದೆ. ಹೆಣ್ಣು ನೋಡಲು ಹೋದಲ್ಲಿ ಅದೇನು ಚರ್ಮರೋಗವೋ ಎಂದು ಅತ್ತೆಯಾಗಬೇಕಾದವರು ಕೇಳಿದರು. ಗುರುವಿನ ಆಶೀರ್ವಾದ ಎಂದೆ. ಆ ಸಂಬಂಧ ಕೂಡಲಿಲ್ಲ.

ಆ ಸಂಜೆಯ ಕೊನೆಯ ಭಾಗ ಉಳಿದಿದೆ.

ನಾವು ಹಾಲ್‌ನ ಅಂಗಳಕ್ಕೆ ಬಂದಾಗ ಬಿಸಿಲು ಇನ್ನೂ ಇತ್ತು. ಗೇಟಿನಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯರ ಪಕ್ಕದಲ್ಲಿ, ಗ್ರೀಸಿನ ಅಂಗಿಯಲ್ಲಿ, ಕೈಚೀಲ ಹಿಡಿದು ಕಾಕಾ ನಿಂತಿದ್ದರು. ತಲೆಯ ಮೇಲೆ ಪನ್ನೀರಿನ ಹನಿ. ನನ್ನ ಮುಖ ನೋಡಲಿಲ್ಲ, ನೇರ ಗಾಡಿಯೊಳಗೆ ಹತ್ತಿ ಅಜ್ಜಿಗೆ ನಮಸ್ಕಾರ ಹೇಳಿ ಮಂಚದ ಕೆಳಗೆ ಬಗ್ಗಿದರು. ಹಾಲ್‌ನಿಂದ ಉದ್ದನೆಯ ವೈರು ಎಳೆಸಿ ಯಂತ್ರಕ್ಕೆ ಕೊಟ್ಟು, ಬೋಲ್ಟು ಬಿಚ್ಚಿ, ನಟ್ಟನ್ನು ತುಟಿಗಿಟ್ಟುಕೊಂಡು, ಹೊಸ ಲಗ್ ಹಾಕಿ ವೈರು ಕೂರಿಸತೊಡಗಿದರು.

ಅಷ್ಟರಲ್ಲಿ ಸೇಠ್ ಓಡಿಬಂದರು. ದೊಡ್ಡಮ್ಮನ ಮಗ ಎಲ್ಲವನ್ನೂ ಹೇಳಿದ್ದ. ರೇಷ್ಮೆ ಅಂಗಿಯ ತೋಳು ಮಡಚಿದ್ದರು, ಮುಖ ಕೆಂಪಾಗಿತ್ತು. ಹಿಂದೆ ನಾಲ್ಕೈದು ನೆಂಟರು.

"ಕಾಕಾ, ಇಷ್ಟು ವರ್ಷದಲ್ಲಿ ಇದು ಮೊದಲನೇ ಸಲ. ನನ್ನ ದೊಡ್ಡಮ್ಮ ಎಂಟು ನಿಮಿಷದ ಗಾಳಿಯಲ್ಲಿ ಬಂದದ್ದು. ನಿಮ್ಮ ಮಾತು ಕೇಳಿಯೇ ನಾನು ಕಳಿಸಿದ್ದಲ್ವಾ? ಹೊಂಡ್ರಿ ಅಂತ ನೀವೇ ಹೇಳಿದ್ದಲ್ವಾ ಫೋನಿನಲ್ಲಿ? ಇನ್ನು ನಿಮ್ಮ ಮಾತನ್ನು ಯಾರು ನಂಬುದು, ಹೇಳಿ."

ಕಾಕಾ ತಲೆಯೆತ್ತಿ ಸೇಠರನ್ನು ನೋಡಿದರು. ನಟ್ಟಿನ ಬದಿಯಿಂದ ನಿಧಾನವಾಗಿ ಕೇಳಿದರು, "ಸೇಠ್ರ, ನಾ ಎಂದರ ಫೋನಿನ್ಯಾಗ ಹೊಂಡ್ರಿ ಅಂದೀನೇನ್ರಿ?"

ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿ, ಬೆರಳುಗಳನ್ನು ಮೊಣಕಾಲ ಮೇಲಿಟ್ಟು ಕೂತರು. ಆ ಕೂರುವಿಕೆ ನನಗೆ ಗೊತ್ತಿತ್ತು. ಸಾಕ್ಷಿ ಹಚ್ಚಿ, ಬಿಸಿ ಎಲ್ಲಿ ಏರುತ್ತದೆ ಎಂದು ಕಾಯುವಾಗ ಅವರು ಹಾಗೆಯೇ ಕೂರುತ್ತಿದ್ದರು.

"ಸೇಠ್, ಅದು ಕಾಕಾ ಅಲ್ಲ" ಎಂದೆ. "ನಾನು."

"ಎಂತ ನೀನು? ಅವರ ದನಿ ನನಗೆ ಗೊತ್ತಾಗುದಿಲ್ವಾ? ಅವರನ್ನು ಉಳಿಸ್ಲಿಕ್ಕೆ ಸುಳ್ಳು ಹೇಳ್ಬೇಡ."

ಜೀವನದಲ್ಲಿ ಒಮ್ಮೆ ನಿಜ ಹೇಳಿದರೂ ನಂಬುವವರಿಲ್ಲ. ಕಾಕಾ ತುಟಿಯಿಂದ ನಟ್ಟು ತೆಗೆದರು, ಪ್ಯಾಂಟಿಗೆ ಒರೆಸಿದರು, ನನ್ನ ಮುಂದೆ ಹಿಡಿದರು.

"ಇದ ಇಲ್ಲದ ಬರೂದಿಲ್ಲ ಅವಂಗ."

ಇಸಿದುಕೊಂಡೆ. ಬಾಯಿಗಿಟ್ಟೆ. ಅಷ್ಟು ಜನರ ಮುಂದೆ, ಕಾಕಾನ ಮುಖ ನೋಡುತ್ತಲೇ, ಹೇಳಿದೆ.

"ಹಾಂ ಸೇಠ್ರ. ಎಲ್ಲಾ ಬರೋಬರಿ ಐತ್ರಿ. ಹೊಂಡ್ರಿ."

ನನ್ನ ಅನುಕರಣೆಗೆ ಯಾರೂ ನಗದೇ ಇದ್ದದ್ದು ಅದೊಂದೇ ಸಲ. ಸೇಠ್ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಸಿಟ್ಟು ಕಾಕಾನಿಂದ ಇಳಿದು ನನ್ನ ಮೇಲೆ ಬರಲು ತುಸು ಹೊತ್ತು ಹಿಡಿಯಿತು, ಬಂದಾಗ ಮಾತ್ರ ಪೂರ್ತಿ ಬಂತು. ಕೈ ಚಾಚಿ, "ಕೀ ಕೊಡು" ಎಂದರು. ಕೊಟ್ಟೆ. "ಇನ್ನು ನನ್ನ ಗಾಡಿಯ ಹತ್ತಿರ ಬರ್ಬೇಡ. ಕಾಕಾ, ನೀವೇ ಹೇಳಿ. ಮಾನ ಹೋದದ್ದು ನಿಮ್ಮದು. ಇವನನ್ನು ಎಂತ ಮಾಡುದು?"

ಕಾಕಾ ನನ್ನ ಕೈಯಿಂದ ನಟ್ಟನ್ನು ವಾಪಸು ತೆಗೆದುಕೊಂಡು ಬೋಲ್ಟಿಗೆ ಹಾಕಿದರು. ಪಾನಾ ಹಿಡಿದು ಬಿಗಿದರು. ಒಳಗಿನ ಫ್ಯಾನು, ದೀಪ, ಫ್ರಿಜ್ಜು ಎಲ್ಲವನ್ನೂ ಹಚ್ಚಿಸಿ, ಎಂಜಿನ್ ಎಬ್ಬಿಸಲು ಸೇಠರಿಗೇ ಹೇಳಿದರು. ಎಲ್ಲರೂ ನಿಂತಿದ್ದಂತೆ, ಹತ್ತು ನಿಮಿಷ ಕಾದು, ಕೂದಲಿಲ್ಲದ ಆ ಎರಡು ಬೆರಳುಗಳ ಬೆನ್ನಿನಿಂದ ಬೋಲ್ಟನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಬಲಗೈ ಹಿಡಿದು ತಿರುಗಿಸಿ, ಜೋಗೇಶ್ವರಿಯಲ್ಲಿ ಸುಟ್ಟ ಕೆಂಪು ಗುರುತನ್ನೂ ನೋಡಿದರು.

"ದನಿ ಬರೋಬರಿ ಐತಿ ಸೇಠ್ರ. ಕೈ ಇನ್ನೂ ಬಂದಿಲ್ಲ. ನಾಳಿಂದ ನನ್ನ ಕಡೆ ಕಳಸ್ರಿ."